ಮುಟ್ಟು ಬರಲಿ ಎಂದು ಕಾಯಬೇಡಿ

ಬಾಣಂತಿಗೆ ಗರ್ಭನಿರೋಧಕ ಮಾತ್ರೆಯ ಗೊಡವೆ ಬೇಡ, ಮುಟ್ಟು ಮರಳಿದ ಮೇಲೆ ನೋಡಿಕೊಂಡರಾಯಿತು ಎಂಬ ಕಳೆದ ಸಂಚಿಕೆಯ ಲೇಖನದ ಸಲಹೆ ಅಪಾಯಕಾರಿ. ಅಂಡಾಣು ಬಿಡುಗಡೆಯಾಗುವುದು ಮುಟ್ಟಿಗಿಂತ ಮೊದಲು. ಎದೆಹಾಲು ಕೊಡದ ತಾಯಿಗೆ ಹೆರಿಗೆಯಾದ ನಾಲ್ಕೈದು ವಾರದಲ್ಲೇ ಇದು ಆಗಬಹುದು. ಮುಟ್ಟೇ ಕಾಣದೆ ಮತ್ತೆ ಬಸುರಾದವರು ನಮ್ಮ ಊರುಗಳಲ್ಲಿ ಕಡಿಮೆಯೇ?

ಹಾಲುಣಿಸುವುದೇ ರಕ್ಷಣೆ ಎನ್ನುವುದು ಅರ್ಧಸತ್ಯ. ಅದು ರಕ್ಷಣೆಯಾಗಬೇಕಾದರೆ ಮಗುವಿಗೆ 6 ತಿಂಗಳು ತುಂಬಿರಬಾರದು, ಮುಟ್ಟು ಬಂದಿರಬಾರದು, ಹಗಲು ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿರಬಾರದು. ನಡುವೆ ಅಜ್ಜಿ ಡಬ್ಬಿ ಹಾಲು ಕುಡಿಸತೊಡಗಿದರೆ ಆ ಲೆಕ್ಕ ಮುಗಿಯಿತು.

ಹಾಲು ಬತ್ತುತ್ತದೆ ಎಂಬ ಭಯವೂ ಎಲ್ಲ ಮಾತ್ರೆಗೆ ಸಲ್ಲದು. ಈಸ್ಟ್ರೊಜೆನ್ ಇರುವ ಮಾಲಾ-ಎನ್ ಹಾಲುಣಿಸುವವರಿಗೆ 6 ತಿಂಗಳವರೆಗೆ ಬೇಡ, ನಿಜ. ಹಾಲುಣಿಸದವರೂ ಕನಿಷ್ಠ 3 ವಾರ ಅದರ ತಂಟೆಗೆ ಹೋಗಬಾರದು, ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಆದರೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ‘ಛಾಯಾ’ದಲ್ಲಿ ಹಾರ್ಮೋನೇ ಇಲ್ಲ. ಹಾಲುಣಿಸುವವರೂ ತೆಗೆದುಕೊಳ್ಳಬಹುದು: ಮೊದಲ 3 ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಲೇಖಕರು ಇದರ ಹೆಸರನ್ನೂ ಎತ್ತಿಲ್ಲ!

ತಾಯಂದಿರೇ, ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನವೇ ಈ ಮಾತನ್ನು ವೈದ್ಯರೊಡನೆ ಆಡಿಬಿಡಿ. ತವರಿನ ಬಾಣಂತನ ಮುಗಿಯಲಿ ಎಂದು ಮುಂದೂಡಬೇಡಿ.