ಇದು ಬರಿಯ ನೀರಾವಿಯಲ್ಲ

ಮುನಿರ್ಕಾದ ಗಲ್ಲಿಗಳಲ್ಲಿ ಒಂದೇ ಕಿಟಕಿಯ ಕೊಠಡಿಗೆ ನಾಲ್ಕೈದು ಮಂದಿಯಂತೆ ನಮ್ಮ ಹೋಟೆಲು ಹುಡುಗರು ವಾಸವಾಗಿದ್ದಾರೆ. ರಾತ್ರಿ ಕೆಲಸ ಮುಗಿಸಿ ಬಂದ ಕೆಲವರ ಕೈಯಲ್ಲಿ ಈಗ ಬೀಡಿಯ ಬದಲು ಪೆನ್ನಿನಂಥ ಕೊಳವೆಯೊಂದನ್ನು ಕಾಣುತ್ತಿದ್ದೇವೆ. ಅದೇ ಇ-ಸಿಗರೇಟು. ಕೇಳಿದರೆ, "ಬೆಂಕಿಯಿಲ್ಲ, ಬೂದಿಯಿಲ್ಲ, ಬರಿಯ ನೀರಾವಿ ಅಣ್ಣಾ" ಎನ್ನುತ್ತಾರೆ.

ನೀರಾವಿ ಎಂದರೇನೆಂಬುದನ್ನು ಇಡ್ಲಿ ಬೇಯಿಸಿದ ನಮಗೆ ಯಾರೂ ಕಲಿಸಬೇಕಾಗಿಲ್ಲ. ಇದು ಅದಲ್ಲ. ಕೊಳವೆಯೊಳಗೆ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ವಾಸನೆಯ ರಾಸಾಯನಿಕಗಳು, ಬಹುಪಾಲು ನಿಕೋಟಿನ್ ಸಹ ಸೇರಿದ ದ್ರವವಿರುತ್ತದೆ. ಬ್ಯಾಟರಿಯಿಂದ ಕಾದ ತಂತಿ ಅದನ್ನು ಮಂಜಾಗಿ ಎಬ್ಬಿಸುತ್ತದೆ. ತಂತಿಯ ನಿಕ್ಕಲ್, ಕ್ರೋಮಿಯಂ ಲೋಹಗಳೂ ಅದರೊಡನೆ ಒಳಹೋಗುವುದುಂಟು.

ಗಿರಣಿಯ ಸಹೋದರರು ಹತ್ತಿಯ ಧೂಳನ್ನು ಬಲ್ಲರು. ದಪ್ಪ ಧೂಳು ಮೂಗು ಗಂಟಲುಗಳಲ್ಲಿ ಸಿಕ್ಕಿ ಸೀನಿಗೆ, ಕೆಮ್ಮಿಗೆ ಹೊರಬೀಳುವುದು. ಎದೆ ಕಟ್ಟುವುದು ಒಳಗಿಳಿಯುವ ಸಣ್ಣ ಧೂಳಿನಿಂದ. ಈ ಮಂಜಿನ ಹನಿಗಳಾದರೋ ಹೆಚ್ಚಿನವು ಒಂದು ಮೈಕ್ರಾನಿಗೂ ಕಡಿಮೆ. ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ! ಬಾಯಿಂದ ಎಳೆಯುವುದರಿಂದ ಮೂಗಿನ ಕಾವಲೂ ಇಲ್ಲ. ಹನಿಗಳು ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ಉಸಿರು ಹಿಡಿದಷ್ಟೂ ಹೆಚ್ಚು ಹನಿ ಒಳಗೇ ಕೂರುತ್ತದೆ. ಹೊರಬಿಟ್ಟದ್ದು ಪಕ್ಕದಲ್ಲಿ ಮಲಗಿದವನ ಪಾಲು. ಹದಿನೆಂಟು ಇಪ್ಪತ್ತರ ಹುಡುಗನ ಶ್ವಾಸಕೋಶ ಇನ್ನೂ ಬೆಳೆಯುತ್ತಿರುವಾಗಲೇ ಈ ಕೇಡು.

2019ರಲ್ಲಿ ಅಮೆರಿಕದಲ್ಲಿ ಇಂಥ ಕೊಳವೆ ಸೇದಿದವರಿಗೆ ಶ್ವಾಸಕೋಶದ ತೀವ್ರ ಬೇನೆ ತಗಲಿತು. 2020ರ ಫೆಬ್ರವರಿಯವರೆಗಿನ ಲೆಕ್ಕದಲ್ಲಿ ಆಸ್ಪತ್ರೆ ಸೇರಿದವರು ಮತ್ತು ಸತ್ತವರು ಸೇರಿ 2,807 ಮಂದಿ. ಅವರಲ್ಲಿ ಸತ್ತವರು 68. ಹೆಚ್ಚಿನವರು ಸೇದಿದ್ದು ಗಾಂಜಾಸತ್ವದ ದ್ರವ. ಅದಕ್ಕೆ ಬೆರೆಸಿದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯೇ ಮುಖ್ಯ ಕಾರಣವೆಂದು ಕಂಡುಬಂತು. ಕದ್ದು ಮಾರುವ ಕೊಳವೆಯಲ್ಲಿ ಏನು ಬೆರೆತಿದೆಯೆಂಬುದು ಸೇದುವವನಿಗೆ ತಿಳಿಯುವ ಬಗೆಯಾದರೂ ಯಾವುದು?

ಕರ್ನಾಟಕ ಇದನ್ನು 2016ರಲ್ಲೇ ನಿಷೇಧಿಸಿತು. 2019ರಲ್ಲಿ ದೇಶಕ್ಕೆಲ್ಲ ಕಾಯಿದೆ ಬಂತು. ಮಾರಿದವನಿಗೆ ಮೊದಲ ತಪ್ಪಿಗೇ ಒಂದು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ದಾಸ್ತಾನಿಟ್ಟವನಿಗೆ ಆರು ತಿಂಗಳವರೆಗೆ ಸಜೆ, 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹುಡುಗರೇ, ಯಾರದೋ ಪೊಟ್ಟಣವನ್ನು ನಿಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಡಿರಿ. ಲಾಭ ಅವನಿಗೆ, ಜೈಲು ನಿಮಗೆ ಆದೀತು.

ಬೈಗಳಿಂದ ಈ ಚಟ ಬಿಡದು. ನಾವೂ ಒಲೆಯ ಮುಂದೆ ನಿದ್ದೆ ತಡೆಯಲು ಬೀಡಿ ಹಚ್ಚಿದವರೇ. ಹುಡುಗನಿಗೆ ಹೊತ್ತಿಗೆ ಸರಿಯಾದ ವಿರಾಮ ಸಿಕ್ಕರೆ ಅರ್ಧ ಚಟ ಬಿಟ್ಟೀತು. ಅದನ್ನು ಮಾಲೀಕರಲ್ಲಿ ಕೇಳುವುದು ನಮ್ಮ ಹೊಣೆ. ಬೀಡಿಗೆ ಮರಳಿರೆಂದೂ ನಾವು ಹೇಳೆವು. ತಂಬಾಕು ಬಿಡಿಸುವ ಸರ್ಕಾರದ ಸಹಾಯವಾಣಿ 1800-11-2356, ಕರೆಗೆ ಕಾಸಿಲ್ಲ. ಬರುವ ರಜೆಯ ದಿನ ಪ್ರತಿ ಕೊಠಡಿಯ ಹಿರಿಯನೂ ಈ ಮಾತೆತ್ತಲಿ.