ಹೆಸರು ಬರೆಸಿಕೊಂಡ ಮಾತ್ರಕ್ಕೆ ಬೋಧಕರಾಗುವುದಿಲ್ಲ



ವಯಸ್ಕರಿಗೆ ಅಕ್ಷರ ಕಲಿಸಲು ಸ್ವಯಂಸೇವಕರನ್ನು ಸೇರಿಸಿಕೊಳ್ಳುತ್ತಿರುವ ಬಗೆ ಮತ್ತು ಸೇರಿಸಿಕೊಂಡ ಮೇಲೆ ಅವರನ್ನು ಕೈಬಿಡುತ್ತಿರುವ ಬಗೆ, ಇವೆರಡಕ್ಕೂ ನನ್ನ ತೀವ್ರ ಆಕ್ಷೇಪವಿದೆ. ನಮ್ಮ ಬೀದರ್ ಜಿಲ್ಲೆಯಲ್ಲಿ ಈ ಕೆಲಸ ಹಗುರವಾಗಿ ನಡೆಯುವಂಥದ್ದಲ್ಲ. 2011ರ ಜನಗಣತಿಯಲ್ಲಿ ಇಲ್ಲಿಯ ಗಂಡಸರಲ್ಲಿ ಸಾಕ್ಷರರು ಶೇ. 79, ಹೆಂಗಸರಲ್ಲಿ ಶೇ. 61ರ ಆಸುಪಾಸು. ಓದು ಬಾರದ ಆ ತಾಯಂದಿರು ಇಂದಿಗೂ ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಾರೆ.

ಈಗ ನಡೆಯುತ್ತಿರುವುದು ಕೇಂದ್ರದ ನವಭಾರತ ಸಾಕ್ಷರತಾ ಕಾರ್ಯಕ್ರಮ, ಜನ ‘ಉಲ್ಲಾಸ್’ ಎನ್ನುವುದು. 2022ರಿಂದ 2027ರವರೆಗೆ ಐದು ವರ್ಷ, 15 ದಾಟಿದ 5 ಕೋಟಿ ಜನ, 1,037.90 ಕೋಟಿ ರೂಪಾಯಿ. ಭಾಗಿಸಿ ನೋಡಿ, ತಲೆಗೆ ಇನ್ನೂರು ಚಿಲ್ಲರೆ ರೂಪಾಯಿ ಬರುತ್ತದೆ. ಕಲಿಸುವವರಿಗೆ ಗೌರವಧನವಿಲ್ಲ. ಹಿಂದಿನ ಸಾಕ್ಷರ ಭಾರತ ಯೋಜನೆಯಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೆ ಇಬ್ಬರು ಪ್ರೇರಕರಿದ್ದರು, ತಿಂಗಳಿಗೆ ಎರಡು ಸಾವಿರ ರೂಪಾಯಿ ಸಿಗುತ್ತಿತ್ತು. ಅದು ಕಡಿಮೆಯೇ, ಆದರೂ ಕೇಳುವುದಕ್ಕೆ ಊರಲ್ಲಿ ಒಬ್ಬರಾದರೂ ಇದ್ದರು. 2018ರ ಮಾರ್ಚ್‌ನಲ್ಲಿ ಯೋಜನೆ ಮುಗಿಯಿತು, ಪ್ರೇರಕರೂ ಹೋದರು. ಈಗ ಇಡೀ ಭಾರ ಪುಕ್ಕಟೆ ದುಡಿಯುವ ಹುಡುಗ ಹುಡುಗಿಯರ ಹೆಗಲ ಮೇಲಿದೆ. ಅವರನ್ನಾದರೂ ಜೋಪಾನವಾಗಿ ಆರಿಸಿ, ಕೈಹಿಡಿದು ನಡೆಸಬೇಡವೇ?

ನಮ್ಮ ನೌಬಾದದ ಓಣಿಯೊಂದರಲ್ಲಿ ಆದದ್ದನ್ನು ಹೇಳುತ್ತೇನೆ. ಕೊಳಾರ ಕೈಗಾರಿಕಾ ಪ್ರದೇಶಕ್ಕೆ ದಿನಗೂಲಿಗೆ ಹೋಗುವ ಹೆಂಗಸರು ರಾತ್ರಿ ಊಟದ ಮೊದಲು ಒಂದು ಮನೆಯ ಪಡಸಾಲೆಯಲ್ಲಿ ಸೇರುವುದೆಂದು ನಿಗದಿಯಾಗಿತ್ತು. ಕಲಿಸಲು ಬಂದವಳು ಡಿಗ್ರಿ ಓದುವ ಹುಡುಗಿ, ಒಳ್ಳೆಯವಳೇ. ಅವಳಿಂದ ತುಂಬಿಸಿಕೊಂಡ ಹಾಳೆ ನೋಡಿದೆ: ಹೆಸರು, ಮೊಬೈಲ್ ನಂಬರ್, ಆಧಾರ್, ಓದುತ್ತಿರುವ ತರಗತಿ. ಮನೆಯಲ್ಲಿ ಯಾವ ಭಾಷೆ, ಯಾವ ಹೊತ್ತಿಗೆ ಬಿಡುವು, ಪರೀಕ್ಷೆ ಯಾವಾಗ, ಮುಂಚೆ ಯಾರಿಗಾದರೂ ಕಲಿಸಿದ್ದುಂಟೇ, ಯಾಕೆ ಕಲಿಸಬೇಕೆನಿಸಿತು, ಒಂದನ್ನೂ ಕೇಳಿರಲಿಲ್ಲ. ಅವಳು ತನ್ನ ಶಾಲೆಯಲ್ಲಿ ಕಂಡ ಹಾಗೆಯೇ ಕಲಿಸಿದಳು, ತಪ್ಪಿದವರಿಗೆ ಹತ್ತು ಸಲ ಬರೆಯಿರಿ ಎಂದಳು. ಮೊಮ್ಮಕ್ಕಳಿರುವ ಹೆಂಗಸು ಅದನ್ನು ಎಲ್ಲರ ಎದುರು ಸಹಿಸುತ್ತಾಳೆಯೇ? ಬರುವವರು ಕಡಿಮೆಯಾದರು. ಸೆಮಿಸ್ಟರ್ ಪರೀಕ್ಷೆ ಬಂತು, ಹುಡುಗಿಯೂ ನಿಂತಳು. ಆಮೇಲೆ ಆ ಮನೆಯೊಡತಿ ನನಗೆ ಹೇಳಿದ್ದು ಇಷ್ಟೇ: ‘ಅಕ್ಕೋರೆ, ನಾಕ ದಿನ ಬಂದ್ರು, ಆಮ್ಯಾಲ ಯಾರೂ ಹೊಳ್ಳಿ ನೋಡ್ಲಿಲ್ಲರೀ. ಪಾಟಿ ಅಲ್ಲೇ ಅವ.’

ಆ ಹುಡುಗಿಯನ್ನು ನಾನು ದೂರುವುದಿಲ್ಲ. ವಯಸ್ಕರಿಗೆ ಕಲಿಸುವುದು ಬೇರೆ ವಿದ್ಯೆ ಎಂದು ಅವಳಿಗೆ ಯಾರು ಹೇಳಿದ್ದರು? ತಪ್ಪಾದಾಗ ಫೋನ್ ಮಾಡಿ ಕೇಳಲು ಅವಳಿಗೆ ಯಾರಿದ್ದರು?

ಭಾಲ್ಕಿ, ಔರಾದ್ ಕಡೆ ಹೋದರೆ ಕಷ್ಟ ಇನ್ನೂ ದೊಡ್ಡದು. ಔರಾದ್ ತಾಲೂಕಿನ ಗಡಿ ಊರುಗಳಲ್ಲಿ ಮನೆಮಾತು ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ಬೀದರ್ ಪಟ್ಟಣದ ಎಷ್ಟೋ ಮನೆಗಳಲ್ಲಿ ದಖನಿ ಉರ್ದು. ಕನ್ನಡದಲ್ಲಿ ಮಾತೇ ಸರಾಗವಾಗಿ ಬಾರದ ಅಜ್ಜಿಗೆ ಕನ್ನಡ ಪಠ್ಯಪುಸ್ತಕ ಕೊಟ್ಟು, ಅವಳ ಭಾಷೆಯ ಒಂದು ಮಾತೂ ತಿಳಿಯದವರನ್ನು ಎದುರಿಗೆ ಕೂಡಿಸಿದರೆ ಪಾಠ ಹೇಗೆ ಮುಂದೆ ಸಾಗೀತು? ಸ್ವಯಂಸೇವಕರನ್ನು ಆರಿಸುವಾಗ ಅಂಕಪಟ್ಟಿಗಿಂತ ಮೊದಲು ಭಾಷೆ ನೋಡಬೇಕು. ಎಂಟನೇ ತರಗತಿಗೆ ಶಾಲೆ ಬಿಟ್ಟ, ಆದರೆ ಲಂಬಾಣಿಯನ್ನೂ ಕನ್ನಡವನ್ನೂ ಚೆನ್ನಾಗಿ ಆಡುವ ತಾಂಡಾದ ಸೊಸೆ ಪಟ್ಟಣದ ಪದವೀಧರನಿಗಿಂತ ಎಷ್ಟೋ ಪಾಲು ಮೇಲು. ಸಮಯದ ಮಾತೂ ಹಾಗೆಯೇ. ಸೋಯಾ ಕೊಯ್ಲಿಗೆ ಬಂದಾಗ, ತೊಗರಿ ರಾಶಿ ನಡೆದಾಗ, ಕಬ್ಬು ಕಡಿಯಲು ಮಂದಿ ಊರು ಬಿಟ್ಟಾಗ ತರಗತಿಯ ವೇಳಾಪಟ್ಟಿ ಮಾತ್ರ ಬದಲಾಗುವುದಿಲ್ಲವೆಂದರೆ ಹೇಗೆ?

ಇನ್ನೊಂದು ಮಾತನ್ನು ಯಾರೂ ಎತ್ತುವುದಿಲ್ಲ, ಅದಕ್ಕೇ ಎತ್ತುತ್ತಿದ್ದೇನೆ. ರಾತ್ರಿ ಪಾಠಕ್ಕೆ ತಾಯಂದಿರು ಬಂದರೆ ಹಿಂದೆ ಮಕ್ಕಳೂ ಬರುತ್ತಾರೆ. ಸ್ವಯಂಸೇವಕರು ನಡೆಸುವ ಸಂಜೆ ಮನೆಪಾಠ, ಬೇಸಿಗೆ ಶಿಬಿರಗಳಲ್ಲಂತೂ ಇರುವವರೆಲ್ಲ ಮಕ್ಕಳೇ. 2020ರ ಪೋಕ್ಸೊ ನಿಯಮಗಳ ಪ್ರಕಾರ ಮಕ್ಕಳ ನಿತ್ಯ ಸಂಪರ್ಕವಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಬೇಕು, ಮಕ್ಕಳ ಸುರಕ್ಷತೆಯ ತರಬೇತಿ ಕೊಡಿಸಬೇಕು. ಬೋಧಕರು, ಬೋಧಕೇತರರು, ಕಾಯಂ, ಗುತ್ತಿಗೆ ಎಲ್ಲರೂ ಅದರಲ್ಲಿ ಬರುತ್ತಾರೆ, ಆದರೆ ಅಲ್ಲಿ ಹೇಳಿರುವುದು ನೌಕರರ ವಿಚಾರ. ಸಂಬಳವಿಲ್ಲದೆ ಬರುವ ಸ್ವಯಂಸೇವಕನ ಹೆಸರು ಆ ಸಾಲಿನಲ್ಲಿ ಇಲ್ಲ. ‘ಪಾಪ, ಪುಕ್ಕಟೆ ಕಲಿಸಲು ಬಂದಿದ್ದಾನೆ, ಅವನನ್ನು ಏನು ಕೇಳುವುದು’ ಎಂದು ನಾವೂ ಸುಮ್ಮನಾಗುತ್ತೇವೆ. ಕೇಳಲೇಬೇಕು. ಪೊಲೀಸ್ ಪರಿಶೀಲನಾ ಪತ್ರಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವ ವ್ಯವಸ್ಥೆ ಇದೆ. ಶುಲ್ಕವನ್ನು ಯೋಜನೆಯೇ ಭರಿಸಲಿ. ಊರಿನ ಇಬ್ಬರು ಹಿರಿಯರನ್ನು, ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳಿರಲಿ, ಖುದ್ದಾಗಿ ಕೇಳಿ ತಿಳಿದುಕೊಳ್ಳಲಿ. ಯಾರೂ ಮಗುವಿನ ಜೊತೆ ಒಂಟಿಯಾಗಿ ಮುಚ್ಚಿದ ಕೋಣೆಯಲ್ಲಿ ಕೂಡಬಾರದೆಂಬ ನಿಯಮ ಗೋಡೆಯ ಮೇಲಿರಲಿ, ಅದರ ಕೆಳಗೆ ಮಕ್ಕಳ ಸಹಾಯವಾಣಿ 1098 ಇರಲಿ. ನಿಜವಾಗಿ ಕಲಿಸಲು ಬಂದವರಿಗೆ ಇದರಿಂದ ಅವಮಾನವಾಗುವುದಿಲ್ಲ.

ಇಷ್ಟೆಲ್ಲ ಆಗುವ ಮಾತೇ ಎಂದು ಕೇಳುವವರಿಗೆ ಹೇಳುತ್ತೇನೆ, ಇಂಥದ್ದು ಆಗಿದೆ. ತೊಂಬತ್ತರ ದಶಕದ ಸಂಪೂರ್ಣ ಸಾಕ್ಷರತಾ ಆಂದೋಲನದಲ್ಲಿ ನಾನೂ ಇದ್ದೆ. ಸಂಪನ್ಮೂಲ ವ್ಯಕ್ತಿ ಮಾಸ್ಟರ್ ಟ್ರೇನರ್‌ಗೆ ಕಲಿಸುತ್ತಿದ್ದರು, ಅವರು ಸ್ವಯಂಸೇವಕರಿಗೆ ಕಲಿಸುತ್ತಿದ್ದರು, ಒಬ್ಬ ಸ್ವಯಂಸೇವಕರಿಗೆ ಸುಮಾರು ಹತ್ತು ಜನ ಕಲಿಕಾರ್ಥಿಗಳು. ಅದರಲ್ಲೂ ಹುಳುಕುಗಳಿದ್ದವು, ಸುಳ್ಳು ಅಂಕಿಗಳೂ ಮೇಲೆ ಹೋದವು. ಆದರೆ ಪಾಠ ನಿಂತ ಓಣಿಗೆ ಯಾರಾದರೂ ಬಂದು ಏಕೆ ನಿಂತಿತೆಂದು ಕೇಳುತ್ತಿದ್ದರು. ಈಗಲೂ ಮಕ್ಕಳ ಓದು, ಲೆಕ್ಕ ಅಳೆಯುವ ‘ಅಸರ್’ ಸಮೀಕ್ಷೆಯವರು ಊರೂರಿಗೆ ಸ್ವಯಂಸೇವಕರನ್ನೇ ಕಳಿಸುತ್ತಾರೆ. ತರಬೇತಿಯ ಕೊನೆಗೆ ಪರೀಕ್ಷೆ ಇಟ್ಟು, ಸಾಲದವರನ್ನು ಬಲ್ಲವರ ಜೊತೆ ಜೋಡಿಸುತ್ತಾರೆ ಇಲ್ಲವೇ ಬಿಡುತ್ತಾರೆ. ಆಮೇಲೆ ಕೆಲವು ಊರುಗಳಿಗೆ ಹೋಗಿ ಮರುಪರಿಶೀಲನೆಯನ್ನೂ ಮಾಡುತ್ತಾರೆ. ಒಂದು ಸಮೀಕ್ಷೆಗೆ ಇಷ್ಟು ಎಚ್ಚರವಿರುವಾಗ ತಿಂಗಳುಗಟ್ಟಲೆ ಕಲಿಸುವ ಕೆಲಸಕ್ಕೆ ಬೇಡವೇ? ಇಂಥ ಜೋಪಾನ ನಮಗೆ ಹೊಸದೂ ಅಲ್ಲ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಜಿಲ್ಲೆ ನಮ್ಮದು. ಅವರು ಪಾಠದ ಜೊತೆಗೆ ಮಕ್ಕಳಿಗೆ ಊಟ ವಸತಿಯನ್ನೂ ನೋಡಿಕೊಂಡರು.

ಜಿಲ್ಲಾ ಲೋಕ ಶಿಕ್ಷಣ ಸಮಿತಿಗೆ ನನ್ನ ಒತ್ತಾಯವಿಷ್ಟು. ಉಲ್ಲಾಸ್ ಆ್ಯಪ್‌ನಲ್ಲಿ ಹೆಸರು ಏರಿಸುವ ಮೊದಲು ಪ್ರತಿಯೊಬ್ಬ ಸ್ವಯಂಸೇವಕರ ಜೊತೆ ಯಾರಾದರೂ ಎದುರಿಗೆ ಕೂತು ಮಾತಾಡಲಿ. ಮೊದಲ ಕೆಲವು ಪಾಠಗಳನ್ನು ಅನುಭವಿಗಳ ಪಕ್ಕದಲ್ಲಿ ಕೂತು ನೋಡಲು ಬಿಡಲಿ. ಕಾಲೇಜಿನ ಎನ್‌ಎಸ್‌ಎಸ್ ಮಕ್ಕಳು ಎರಡು ವರ್ಷದಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕಿದೆ. ಅದರ ಒಂದು ಪಾಲನ್ನು ಇದಕ್ಕೆ ಕೊಟ್ಟು, ಪರೀಕ್ಷೆಯ ತಿಂಗಳಲ್ಲಿ ಅವರ ಬದಲಿಗೆ ಯಾರೆಂದು ಮುಂಚೆಯೇ ಗೊತ್ತುಮಾಡಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ವಾರಕ್ಕೊಂದು ಸಂಜೆ ಸ್ವಯಂಸೇವಕರು ಸೇರಿ ತಮ್ಮ ತೊಡಕುಗಳನ್ನು ಹೇಳಿಕೊಳ್ಳಲಿ. ಬಹಳ ಮುಖ್ಯವಾಗಿ, ಪ್ರತಿ ಹೋಬಳಿಗೂ ಒಬ್ಬ ಮಾರ್ಗದರ್ಶಕರನ್ನು ನೇಮಿಸಿ, ಅವರಿಗೆ ಪ್ರಯಾಣ ಭತ್ಯೆಯನ್ನಾದರೂ ಕೊಟ್ಟು, ಅವರ ಹೆಸರನ್ನು ಪಂಚಾಯಿತಿ ಫಲಕದಲ್ಲಿ ಬರೆಸಲಿ. ಅದು ಆಗುವವರೆಗೆ ಹೊಸ ನೋಂದಣಿ ನಿಲ್ಲಿಸಿದರೂ ಚಿಂತೆಯಿಲ್ಲ.

ನೌಬಾದಕ್ಕೆ ಅಂಥ ಮಾರ್ಗದರ್ಶಕರು ಬೇಕಾದರೆ ನಾನೂ ನನ್ನ ಜೊತೆ ನಿವೃತ್ತರಾದ ಕೆಲವು ಶಿಕ್ಷಕಿಯರೂ ಸಂಜೆಯ ಹೊತ್ತು ಕೊಡಲು ಸಿದ್ಧರಿದ್ದೇವೆ. ನಮ್ಮನ್ನೂ ಪೊಲೀಸ್ ಪರಿಶೀಲನೆ ಮಾಡಿಸಿಯೇ ತೆಗೆದುಕೊಳ್ಳಲಿ.

ಇಂತಿ,
ನಿವೃತ್ತ ಶಿಕ್ಷಕಿ, ನೌಬಾದ, ಬೀದರ್