ಹಾಡಿನ ಜೊತೆ ಕುಣಿಯುವ ಪಟ್ಟಿ ಹಸಿರಿನಲ್ಲಿದ್ದರೆ ಕಿವಿ ಸುರಕ್ಷಿತವೇ?

ಮೊಬೈಲಿನಲ್ಲೋ ಪುಟ್ಟ ಮ್ಯೂಸಿಕ್ ಪ್ಲೇಯರಿನಲ್ಲೋ ಹಾಡು ಹಾಕಿದಾಗ ಪರದೆಯ ಮೇಲೆ ಹಸಿರು, ಹಳದಿ, ಕೆಂಪು ಪಟ್ಟಿಗಳು ತಾಳಕ್ಕೆ ತಕ್ಕಂತೆ ಏರಿಳಿಯುವುದನ್ನು ನೀವು ನೋಡಿರಬಹುದು. ಕೆಲವು ಪ್ಲೇಯರ್‌ಗಳಲ್ಲಿ ಹಳೆಯ ಟೇಪ್ ರೆಕಾರ್ಡರಿನ ಹಾಗೆ ಮುಳ್ಳು ಆಡುತ್ತದೆ. ಟ್ರಾಫಿಕ್ ಸಿಗ್ನಲ್ ನೋಡಿ ಬೆಳೆದ ನಮಗೆ ಇದರ ಅರ್ಥ ಸುಲಭ ಅನ್ನಿಸುತ್ತದೆ: ಹಸಿರಿದ್ದರೆ ಕಿವಿಗೆ ತೊಂದರೆಯಿಲ್ಲ, ಕೆಂಪಾದರೆ ಅಪಾಯ.

ಆದರೆ ಈ ನಂಬಿಕೆ ತಪ್ಪು. ಆ ಪಟ್ಟಿ ಅಳೆಯುವುದು ಹಾಡಿನ ಫೈಲನ್ನು. ನಿಮ್ಮ ಕಿವಿಗೆ ಎಷ್ಟು ಜೋರಾಗಿ ಕೇಳಿಸುತ್ತಿದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ.

ಪಟ್ಟಿ ಏನನ್ನು ಅಳೆಯುತ್ತದೆ?

ಡಿಜಿಟಲ್ ಹಾಡು ಎಂದರೆ ಸಂಖ್ಯೆಗಳ ಸಾಲು. ಸಿ.ಡಿ. ಗುಣಮಟ್ಟದ ಹಾಡಿನಲ್ಲಿ ಎಡ ಮತ್ತು ಬಲ ಬದಿಗೆ ಪ್ರತಿ ಸೆಕೆಂಡಿಗೆ ತಲಾ 44,100 ಸಂಖ್ಯೆಗಳಿರುತ್ತವೆ. ಪ್ರತಿ ಸಂಖ್ಯೆಯೂ -32,768ರಿಂದ 32,767ರ ಒಳಗೇ ಇರಬೇಕು. ಪ್ಲೇಯರ್ ಒಂದು ಸಣ್ಣ ಅವಧಿಯ ಸಂಖ್ಯೆಗಳನ್ನು ನೋಡಿ, ಅವುಗಳಲ್ಲಿ ಅತಿ ದೊಡ್ಡದನ್ನು ಆರಿಸಿ, ಪಟ್ಟಿಯನ್ನು ಅಷ್ಟು ಎತ್ತರಕ್ಕೆ ಏರಿಸುತ್ತದೆ. ಸೆಕೆಂಡಿಗೆ ಹಲವು ಬಾರಿ ಹೀಗೆ ಮಾಡುವುದರಿಂದ ಪಟ್ಟಿ ಕುಣಿದಂತೆ ಕಾಣುತ್ತದೆ. ಇದೇ ಪೀಕ್ ಮೀಟರ್. 2001ರಲ್ಲಿ ಆರ್ಕೋಸ್ ಪ್ಲೇಯರ್‌ಗಳಿಗಾಗಿ ಶುರುವಾದ ರಾಕ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶದಲ್ಲೂ ಇಂಥ ಮೀಟರ್ ಇದೆ.

ಈ ಅಳತೆಯಲ್ಲಿ ಗರಿಷ್ಠ ಮಟ್ಟವೇ ಸೊನ್ನೆ ಡೆಸಿಬೆಲ್. ಉಳಿದದ್ದೆಲ್ಲ ಮೈನಸ್‌ನಲ್ಲಿ. ಗರಿಷ್ಠದ ಅರ್ಧದಷ್ಟಿರುವ ಸಂಖ್ಯೆ ಸುಮಾರು -6 ಡೆಸಿಬೆಲ್ ಎಂದು ತೋರಿಸುತ್ತದೆ. ಬಸ್ಸಿನ ಸದ್ದು, ಪಟಾಕಿಯ ಸದ್ದು ಇಷ್ಟು ಡೆಸಿಬೆಲ್ ಎಂದು ಓದುತ್ತೇವಲ್ಲ, ಅದು ಗಾಳಿಯಲ್ಲಿನ ಶಬ್ದದ ಅಳತೆ. ಎರಡಕ್ಕೂ ಡೆಸಿಬೆಲ್ ಎಂದೇ ಹೆಸರಿದ್ದರೂ ಅಳೆಯುವ ವಸ್ತು ಬೇರೆ.

ಹಾಗಾದರೆ ಕೆಂಪು ಯಾಕೆ?

ಕೆಂಪು ಬಣ್ಣ ಕೇಳುಗರ ಕಿವಿಗಾಗಿ ಬಂದದ್ದಲ್ಲ. 1939ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಹಾಗೂ ಸಿ.ಬಿ.ಎಸ್., ಎನ್.ಬಿ.ಸಿ. ರೇಡಿಯೋ ಜಾಲಗಳು ಸೇರಿ ವಿ.ಯು. ಮೀಟರ್ ಎಂಬ ಮುಳ್ಳಿನ ಮಾಪಕವನ್ನು ರೂಪಿಸಿದವು. ಸಿಗ್ನಲ್ ಉಪಕರಣದ ಮಿತಿ ಮೀರಿ ಧ್ವನಿ ಒಡೆಯದಂತೆ ನೋಡಿಕೊಳ್ಳುವುದು ಎಂಜಿನಿಯರುಗಳ ಕೆಲಸವಾಗಿತ್ತು. ಇಂದಿನ ಡಿಜಿಟಲ್ ಪಟ್ಟಿಯ ಕೆಂಪೂ ಅದನ್ನೇ ಹೇಳುತ್ತದೆ: ಸಂಖ್ಯೆ ಮಿತಿಯ ಹತ್ತಿರ ಬಂದಿದೆ, ಇನ್ನೂ ಏರಿದರೆ ಅಲೆಯ ತುದಿ ಕತ್ತರಿಸಿಹೋಗಿ ಧ್ವನಿ ಕೆಡುತ್ತದೆ.

ಮನೆಯಲ್ಲೇ ಪರೀಕ್ಷಿಸಿ

ಪಟ್ಟಿ ತೋರಿಸುವ ಪ್ಲೇಯರಿನಲ್ಲಿ ಒಂದು ಹಾಡು ಹಾಕಿ, ವಾಲ್ಯೂಮ್ ಅನ್ನು ಕೇಳಿಸಿಯೂ ಕೇಳಿಸದಷ್ಟು ಇಳಿಸಿ. ಬಹಳಷ್ಟು ಪ್ಲೇಯರ್‌ಗಳಲ್ಲಿ ಪಟ್ಟಿ ಮೊದಲಿನಂತೆಯೇ ಕುಣಿಯುತ್ತಿರುತ್ತದೆ. ವಾಲ್ಯೂಮ್ ಕೆಲಸ ಮಾಡುವ ಮೊದಲೇ ಅಳತೆ ಮುಗಿದಿರುವುದೇ ಇದಕ್ಕೆ ಕಾರಣ. ಹಾಗೆಯೇ, ಮೆಲುವಾಗಿ ಧ್ವನಿಮುದ್ರಿಸಿದ ಹಾಡನ್ನು ಪೂರ್ತಿ ವಾಲ್ಯೂಮಿನಲ್ಲಿ ಕೇಳಿದರೆ ಪಟ್ಟಿ ಹಸಿರಿನಲ್ಲೇ ಇರಬಹುದು, ಕಿವಿಗೆ ಮಾತ್ರ ಹೊಡೆತ ಬೀಳುತ್ತಿರಬಹುದು.

ವಾಲ್ಯೂಮ್ ಇಳಿಸಿದಾಗ ಪಟ್ಟಿಯೂ ಇಳಿಯಿತು ಎಂದುಕೊಳ್ಳಿ. ಆಗಲೂ ಅದನ್ನು ನಂಬುವಂತಿಲ್ಲ. ಒಂದೇ ವಾಲ್ಯೂಮಿನಲ್ಲಿ ಒಂದು ಇಯರ್‌ಫೋನ್ ಮೆಲ್ಲಗೆ, ಇನ್ನೊಂದು ಜೋರಾಗಿ ಕೇಳಿಸುತ್ತದೆ. ಪಟ್ಟಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಇನ್ನೊಂದು ಬಗೆಯ ಮೀಟರ್ ಇದೆ. ಐ.ಓ.ಎಸ್. 14ರಿಂದ ಐಫೋನ್, ಹೆಡ್‌ಫೋನಿನಲ್ಲಿ ಆಗ ಎಷ್ಟು ಜೋರು ಶಬ್ದ ಬರುತ್ತಿದೆ ಎಂಬುದನ್ನು ತೋರಿಸುತ್ತದೆ. ಇದು ಕಿವಿಗೆಂದೇ ಮಾಡಿದ ಅಳತೆ. ಆದರೆ ಏರ್‌ಪಾಡ್ಸ್‌ನಂತಹ ಹೊಂದಿಕೊಳ್ಳುವ ಹೆಡ್‌ಫೋನ್‌ಗಳಲ್ಲಿ ಮಾತ್ರ ಇದು ಹೆಚ್ಚು ನಿಖರ. ಬೇರೆಯವುಗಳಲ್ಲಿ ವಾಲ್ಯೂಮ್ ನೋಡಿ ಮಾಡುವ ಅಂದಾಜು ಅಷ್ಟೇ.

ಪಟ್ಟಿ ತೋರಿಸಲು ಮೈಕ್ ಅನುಮತಿ ಯಾಕೆ?

ಆಂಡ್ರಾಯ್ಡ್ ಫೋನಿನಲ್ಲಿ ಕೆಲವು ಆ್ಯಪ್‌ಗಳು ಈ ಪಟ್ಟಿ ತೋರಿಸಲು ಧ್ವನಿಮುದ್ರಣದ ಅನುಮತಿ ಕೇಳುತ್ತವೆ. ಕದ್ದಾಲಿಕೆಗೇ ಕೇಳುತ್ತಿವೆ ಎಂದು ಕೂಡಲೇ ತೀರ್ಮಾನಿಸಬೇಕಿಲ್ಲ. ಫೋನಿನಿಂದ ಹೊರಡುವ ಧ್ವನಿಯನ್ನು ಆಂಡ್ರಾಯ್ಡ್‌ನ ವಿಶುವಲೈಸರ್ ಸೌಲಭ್ಯದ ಮೂಲಕ ಓದಲು ಈ ಅನುಮತಿ ಬೇಕೇ ಬೇಕು. ಆದರೆ ಅನುಮತಿ ಕೊಟ್ಟ ಮೇಲೆ ಆ್ಯಪ್ ಮೈಕನ್ನೂ ಬಳಸಬಹುದು ಎಂಬುದು ನಿಜ. ಗೊತ್ತಿಲ್ಲದ ಆ್ಯಪ್ ಆಗಿದ್ದರೆ ನಿರಾಕರಿಸಿ. ಹಾಡು ಕೇಳಲು ಕುಣಿಯುವ ಪಟ್ಟಿಯೇನೂ ಬೇಕಿಲ್ಲ.

ಕಿವಿಗೆ ನಿಜವಾದ ಮಿತಿ ಯಾವುದು?

ಎಷ್ಟು ಜೋರು ಎಂಬುದರಷ್ಟೇ ಎಷ್ಟು ಹೊತ್ತು ಎಂಬುದೂ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. 100 ಡೆಸಿಬೆಲ್ ಆದರೆ ಇಡೀ ವಾರಕ್ಕೆ ಸುಮಾರು 20 ನಿಮಿಷ. ಮಕ್ಕಳಿಗೆ 40 ಗಂಟೆಯ ಮಿತಿ 75 ಡೆಸಿಬೆಲ್‌ಗೆ ಇಳಿಯುತ್ತದೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಹೀಗೆ ಹೋದ ಶ್ರವಣ ಮರಳಿ ಬರುವುದಿಲ್ಲ.

ಏನು ಮಾಡಬೇಕು?

• ವಾಲ್ಯೂಮ್ ಗರಿಷ್ಠದ ಶೇ. 60ಕ್ಕಿಂತ ಕೆಳಗಿರಲಿ.
• ಬಸ್ಸು, ರೈಲಿನ ಗದ್ದಲವನ್ನು ಮೀರಿಸಲು ವಾಲ್ಯೂಮ್ ಏರಿಸಬೇಡಿ. ಹೊರಗಿನ ಸದ್ದು ತಡೆಯುವಂತೆ ಕಿವಿಗೆ ಸರಿಯಾಗಿ ಕೂರುವ ಇಯರ್‌ಫೋನ್ ಇದ್ದರೆ ಕಡಿಮೆ ವಾಲ್ಯೂಮ್ ಸಾಕಾಗುತ್ತದೆ.
• ಆಗಾಗ ಇಯರ್‌ಫೋನ್ ತೆಗೆದು ಕಿವಿಗೆ ವಿರಾಮ ಕೊಡಿ.
• ಹಾಡು ನಿಲ್ಲಿಸಿದ ಮೇಲೂ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ, ಮಾತು ಅಸ್ಪಷ್ಟವಾಗಿ ಕೇಳಿಸಿದರೆ, ಕಿವಿ ವೈದ್ಯರಿಗೆ ತೋರಿಸಿ.

ಒಟ್ಟಿನಲ್ಲಿ, ಪರದೆಯ ಮೇಲೆ ಕುಣಿಯುವ ಪಟ್ಟಿ ನೋಡಲು ಚಂದ, ಧ್ವನಿಮುದ್ರಣ ಮಾಡುವವರಿಗೆ ಉಪಯುಕ್ತ. ಆದರೆ ಕಿವಿಯ ರಕ್ಷಣೆಗೆ ಅದನ್ನು ನೆಚ್ಚಿಕೊಳ್ಳಬೇಡಿ. 'ಹಸಿರಿನಲ್ಲೇ ಇದೆ, ಪರವಾಗಿಲ್ಲ' ಎಂದು ಮನೆಯಲ್ಲಿ ಯಾರಾದರೂ ಗಂಟೆಗಟ್ಟಲೆ ಇಯರ್‌ಫೋನ್ ಹಾಕಿಕೊಂಡಿದ್ದರೆ, ವಾಲ್ಯೂಮ್ ಇಳಿಸಿ ಪಟ್ಟಿ ನೋಡುವ ಆ ಪರೀಕ್ಷೆಯನ್ನು ಅವರಿಗೂ ಮಾಡಿ ತೋರಿಸಿ.